ಪಿಎಸ್5 ಈಗಲೇ ತಗೊಳ್ಳೋದಾ, ಆರು ಬರೋವರೆಗೂ ಕಾಯೋದಾ? ರಿಪೇರಿಯವರನ್ನು ಕೇಳಿ

ಪ್ರಶ್ನೆ (ಶಿರಾದಿಂದ): ಸರ್ ನಮಸ್ಕಾರ. ಮಗ ಈ ಸಲ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗೀಲಿ, ಪಿಎಸ್5 ಕೊಡಿಸ್ತೀನಿ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಈಗ ಅವನ ಚಿಕ್ಕಪ್ಪ, "ಇನ್ನೇನು ಆರು ಬಂದುಬಿಡುತ್ತೆ, ಈಗ ತಗೊಂಡ್ರೆ ದುಡ್ಡು ನೀರಿಗೆ ಹಾಕಿದ ಹಾಗೆ" ಅಂತಾನೆ. ಮಗನ ಸ್ನೇಹಿತ ಎಕ್ಸ್‌ಬಾಕ್ಸೇ ಒಳ್ಳೇದು ಅಂತಾನೆ. ನನಗೆ ಎರಡಕ್ಕೂ ಏನು ವ್ಯತ್ಯಾಸ ಅಂತಲೇ ಗೊತ್ತಿಲ್ಲ. ಯಾವುದು ತಗೊಳ್ಳಲಿ, ಯಾವಾಗ ತಗೊಳ್ಳಲಿ?

ಉತ್ತರ: ನಮಸ್ಕಾರ ಸರ್. ಗ್ರೂಪಿನಲ್ಲಿ ಹೊಸಬರೂ ಇದ್ದಾರೆ, ಅದಕ್ಕೆ ಮೊದಲೇ ಹೇಳಿಬಿಡ್ತೀನಿ. ನಾನು ತುಮಕೂರಿನಲ್ಲಿ ಗೇಮ್ ಸೆಟ್ ರಿಪೇರಿ ಮಾಡುವವನು, ಮಾರುವವನಲ್ಲ. ನೀವು ಯಾವುದು ತಗೊಂಡರೂ ಕೆಟ್ಟ ಮೇಲೆ ನಮ್ಮಂಥವರ ಹತ್ತಿರವೇ ಬರಬೇಕು. ಹಾಗಾಗಿ ಯಾರ ಪಕ್ಷವೂ ಇಲ್ಲ.

ಪಿಎಸ್ ಅಂದರೆ ಸೋನಿ ಕಂಪನಿಯ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟ್‌ನವರದ್ದು. ಎರಡೂ ಟಿವಿಗೆ ಜೋಡಿಸಿ ಗೇಮ್ ಆಡುವ ಮಷಿನ್ನೇ. ಚಿಕ್ಕಪ್ಪ ಹೇಳಿದ್ದು ಅರ್ಧ ಸರಿ. ಸೋನಿಯವರ ಲೆಕ್ಕ ನೋಡಿ. ಮೊದಲ ಪ್ಲೇಸ್ಟೇಷನ್ 1994, ಎರಡು 2000, ಮೂರು 2006, ನಾಲ್ಕು 2013, ಐದು 2020. ಆರಾರು ವರ್ಷ, ಆಮೇಲೆ ಏಳೇಳು ವರ್ಷ. ಈ ಲೆಕ್ಕ ಹಿಡಿದರೆ ಐದಕ್ಕೆ ವಯಸ್ಸಾಗುತ್ತಿದೆ, ನಿಜ.

ಆದರೆ ಹೊಸದು ಹುಟ್ಟಿದ ದಿನ ಹಳೆಯದು ಸಾಯುವುದಿಲ್ಲ. ಪಿಎಸ್3 ಬಂದಿದ್ದು 2006ರಲ್ಲಿ. ಪಿಎಸ್2 ತಯಾರಿಕೆ ನಿಂತಿದ್ದು ಯಾವಾಗ ಗೊತ್ತಾ? 2013ರ ಜನವರಿಯಲ್ಲಿ. ತಮ್ಮ ಹುಟ್ಟಿದ ಮೇಲೂ ಅಣ್ಣ ಆರು ವರ್ಷ ದುಡಿದ. ಇನ್ನೂ ಹತ್ತಿರದ್ದು ಬೇಕಾ? 2025ರ ಫುಟ್‌ಬಾಲ್ ಗೇಮ್ ಎಫ್‌ಸಿ 26 ಪಿಎಸ್4ಗೂ ಬಂತು. ಅದು 2013ರ ಮಷಿನ್. ಹನ್ನೆರಡು ವರ್ಷದ ಸೆಟ್ಟಿಗೆ ಆ ವರ್ಷದ ಹೊಸ ಗೇಮ್! ನಿಮ್ಮ ಮಗ ಇವತ್ತು ಐದು ತಗೊಂಡರೆ ಪಿಯುಸಿ ಮುಗಿದು ಡಿಗ್ರಿ ಸೇರಿದರೂ ಅದಕ್ಕೆ ಗೇಮ್ ಸಿಗುತ್ತೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕಾಯುತ್ತಿರುವ ಜಿಟಿಎ 6 ಗೇಮ್ ಕೂಡ ಪಿಎಸ್5ಗೆ, ಎಕ್ಸ್‌ಬಾಕ್ಸ್ ಸೀರೀಸ್‌ಗೆ ಅಂತಲೇ ಘೋಷಣೆ ಆಗಿರುವುದು.

ಆರು ಬಂದರೂ ಮೊದಲ ದಿನವೇ ಶಿರಾಗೆ ಬರಲ್ಲ ಸರ್. ಐದು ಅಮೆರಿಕ, ಜಪಾನಿನಲ್ಲಿ 2020ರ ನವೆಂಬರ್ 12ಕ್ಕೆ ಬಂತು. ನಮ್ಮ ದೇಶಕ್ಕೆ 2021ರ ಫೆಬ್ರವರಿ 2. ಬಂದ ಮೇಲೂ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ಬುಕಿಂಗ್ ತೆರೆದ ಕೆಲವೇ ನಿಮಿಷಕ್ಕೆ ಖಾಲಿ. ಬ್ಲ್ಯಾಕಿನಲ್ಲಿ ಕೊಂಡವರನ್ನು ನಾನೇ ನೋಡಿದ್ದೇನೆ. 2024ರ ನವೆಂಬರ್‌ನಲ್ಲಿ ಇನ್ನೂ ಜೋರಾದ ಮಾಡೆಲ್ ಪಿಎಸ್5 ಪ್ರೊ ಬಂದಾಗಲಂತೂ ಇಂಡಿಯಾ ಪಟ್ಟಿಯಲ್ಲೇ ಇರಲಿಲ್ಲ. ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ಬ್ಯಾಂಡಿಗೆ ಆಗ ಇಲ್ಲಿ ಅನುಮತಿ ಇರಲಿಲ್ಲ ಅನ್ನುವುದು ಸೋನಿ ಕೊಟ್ಟ ಕಾರಣ.

ಇನ್ನು ಬೆಲೆ. "ಕಾದರೆ ಕಮ್ಮಿ ಆಗುತ್ತೆ" ಅನ್ನುವ ಮಾತು ನಮ್ಮ ಕಾಲದ್ದು. ಪಿಎಸ್2 ಅಮೆರಿಕದಲ್ಲಿ 299 ಡಾಲರಿಗೆ ಶುರುವಾಗಿ 2009ಕ್ಕೆ 99ಕ್ಕೆ ಇಳಿದಿತ್ತು. ಈ ಸಲ ಉಲ್ಟಾ. ಡಿಸ್ಕ್ ಇರುವ ಪಿಎಸ್5 ಇಲ್ಲಿ 49,990ಕ್ಕೆ ಬಂದು, 2022ರ ನವೆಂಬರ್‌ನಲ್ಲಿ 54,990 ಆಯಿತು. ಹಿಂದೆಲ್ಲ ಮಷಿನ್ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಸಣ್ಣದಾದಂತೆ ಅಗ್ಗವೂ ಆಗುತ್ತಿತ್ತು. ಈಗ ಸಣ್ಣದಾಗುತ್ತೆ, ಅಗ್ಗ ಆಗಲ್ಲ. ಹಬ್ಬದ ಆಫರಿಗೆ ಒಂದೆರಡು ತಿಂಗಳು ಕಾಯಿರಿ, ಅದರಲ್ಲಿ ಅರ್ಥ ಇದೆ. ಆರಕ್ಕೆ ಕಾಯಬೇಡಿ.

ಯಾವುದು ಅಂತ ಕೇಳಿದಿರಿ. ಅದಕ್ಕೆ ನನ್ನ ಉತ್ತರ ಸ್ವಲ್ಪ ವಿಚಿತ್ರ: ಮಗನ ನಾಲ್ಕು ಜನ ಸ್ನೇಹಿತರ ಮನೆಯಲ್ಲಿ ಏನಿದೆಯೋ ಅದು. ಸೋನಿಯ ಒಂದು ದೊಡ್ಡ ಗೇಮ್ ಹೊಸದರಲ್ಲಿ ಸುಮಾರು ಐದು ಸಾವಿರ ರೂಪಾಯಿ. ಪ್ರತಿಯೊಂದನ್ನೂ ನೀವೇ ಕೊಡಿಸೋಕಾಗುತ್ತಾ? ಹುಡುಗರು ಸಿಡಿ ಬದಲಾಯಿಸಿಕೊಂಡು ಆಡುತ್ತಾರೆ, ಆಡಿ ಮುಗಿದದ್ದನ್ನು ಮಾರುತ್ತಾರೆ. ಅದಕ್ಕೇ ಡಿಸ್ಕ್ ಮಾಡೆಲ್ಲೇ ತಗೊಳ್ಳಿ. ಸಿಡಿ ಹಾಕುವ ಜಾಗ ಇಲ್ಲದ, ಗೇಮ್ ಇಂಟರ್ನೆಟ್‌ನಿಂದಲೇ ಇಳಿಸಿಕೊಳ್ಳುವ ಡಿಜಿಟಲ್ ಮಾಡೆಲ್ ಹತ್ತು ಸಾವಿರ ಕಮ್ಮಿ ಅಂತ ತಗೊಂಡವರು ಎರಡು ಗೇಮ್ ಕೊಳ್ಳುವಷ್ಟರಲ್ಲಿ ಆ ಹತ್ತು ಸಾವಿರ ಕಳೆದಿರುತ್ತಾರೆ.

ಪ್ರಶ್ನೆ (ತುಮಕೂರು, ಇಂಜಿನಿಯರಿಂಗ್ ವಿದ್ಯಾರ್ಥಿ): ಅಣ್ಣ, ಪಕ್ಷ ಇಲ್ಲ ಅಂತ ಹೇಳಿ ಪೂರ್ತಿ ಪಿಎಸ್ ಕಡೆಗೇ ಮಾತಾಡಿದ್ದೀರಲ್ಲ! ಎಕ್ಸ್‌ಬಾಕ್ಸಿನ ಚಿಕ್ಕ ಮಾಡೆಲ್ ಸೀರೀಸ್ ಎಸ್ ಅಷ್ಟು ಕಮ್ಮಿ ಬೆಲೆಗೆ ಬಂತು. ತಿಂಗಳ ಬಾಡಿಗೆಯ ಗೇಮ್ ಪಾಸ್ ಹಾಕಿಸಿದರೆ ನೂರಾರು ಗೇಮ್. ಅದನ್ನ ಯಾಕೆ ಹೇಳಲ್ಲ?

ಉತ್ತರ: ಸಿಕ್ಕಿಬಿದ್ದೆ. ಸರಿ, ಎಕ್ಸ್‌ಬಾಕ್ಸ್ ಕಥೆಯನ್ನೂ ಹೇಳೋಣ, ಅದೇ ನಿಜವಾಗಿ ಮಜಾ ಇರುವುದು.

ಈ ಎರಡು ಕಂಪನಿಗಳ ಜಗಳದಲ್ಲಿ ಯಾರ ಮಷಿನ್ ಜೋರು ಅನ್ನುವುದಕ್ಕಿಂತ ಯಾರು ಯಾವಾಗ ಬಂದರು ಅನ್ನುವುದೇ ಜಾಸ್ತಿ ಕೆಲಸ ಮಾಡಿದೆ. ಮೊದಲ ಎಕ್ಸ್‌ಬಾಕ್ಸ್ 2001. ನಾಲ್ಕೇ ವರ್ಷಕ್ಕೆ, 2005ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ತಂದರು. ಪಿಎಸ್3ಗಿಂತ ಒಂದು ವರ್ಷ ಮುಂಚೆ, ಬೆಲೆಯೂ ಕಮ್ಮಿ. ಪಿಎಸ್3ರ ಸೆಲ್ ಪ್ರೊಸೆಸರ್ ಹಿಡಿದುಕೊಂಡು ಗೇಮ್ ಮಾಡುವವರು ತಲೆ ಚಚ್ಚಿಕೊಳ್ಳುತ್ತಿದ್ದಾಗ 360 ಆರಾಮಾಗಿ ಓಡುತ್ತಿತ್ತು.

ಆ ಅವಸರಕ್ಕೆ ದಂಡವನ್ನೂ ಕಟ್ಟಿದರು. ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ ಚಿಪ್ಪಿನೊಳಗಿನ ಸಂಪರ್ಕ ಬಿಟ್ಟುಹೋಗುತ್ತಿತ್ತು. ಮುಂದೆ ಕೆಂಪು ದೀಪ ಮೂರು ಉರಿದರೆ ಮುಗಿಯಿತು. ಜನ ಟವೆಲ್ ಸುತ್ತಿ ಆನ್ ಮಾಡಿಟ್ಟು, ಇನ್ನಷ್ಟು ಬಿಸಿ ಮಾಡಿ ಬದುಕಿಸಲು ನೋಡುತ್ತಿದ್ದರು. ಜ್ವರ ಬಂದವರಿಗೆ ಕಂಬಳಿ ಹೊದಿಸಿದ ಹಾಗೆ! 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ಮೂರು ವರ್ಷ ವಾರಂಟಿ ಕೊಟ್ಟಿತು. ಅದಕ್ಕೇ ಅಂತ ನೂರು ಕೋಟಿ ಡಾಲರಿಗಿಂತ ಜಾಸ್ತಿ ತೆಗೆದಿಟ್ಟಿತು.

2013ರಲ್ಲಿ ಎಕ್ಸ್‌ಬಾಕ್ಸ್ ಒನ್, ಪಿಎಸ್4 ಒಂದೇ ತಿಂಗಳು ಬಂದವು. ಮೈ ಆಡಿಸಿದ್ದನ್ನು ನೋಡಿ ಗೇಮ್ ಆಡಿಸುವ ಕಿನೆಕ್ಟ್ ಕ್ಯಾಮೆರಾ ಕಡ್ಡಾಯ ಅಂತ ಎಕ್ಸ್‌ಬಾಕ್ಸ್ 499 ಡಾಲರ್, ಪಿಎಸ್4 399. ಇಂಡಿಯಾದಲ್ಲಿ ಇನ್ನೂ ಕಷ್ಟ. ಪಿಎಸ್4 ಇಲ್ಲಿಗೆ 2014ರ ಜನವರಿಯಲ್ಲೇ ಬಂತು, ಎಕ್ಸ್‌ಬಾಕ್ಸ್ ಒನ್ ಸೆಪ್ಟೆಂಬರಿನಲ್ಲಿ. ಆ ಎಂಟು ತಿಂಗಳಲ್ಲೇ ನಮ್ಮ ಕಡೆ ಆಟ ಮುಗಿದುಹೋಯಿತು ಅಂತ ನನ್ನ ಅನಿಸಿಕೆ. ಅಷ್ಟರಲ್ಲಿ ಗೇಮ್ ಪಾರ್ಲರ್‌ನವರೆಲ್ಲ ಪಿಎಸ್4 ಹಾಕಿಕೊಂಡಿದ್ದರು. ಪಾರ್ಲರಿನಲ್ಲಿ ಕಲಿತ ಹುಡುಗ ಮನೆಗೂ ಅದನ್ನೇ ಕೇಳುತ್ತಾನೆ. 2020ರಲ್ಲಿ ಪಾಪ, ಎಕ್ಸ್‌ಬಾಕ್ಸ್ ಸೀರೀಸ್ ನವೆಂಬರ್ 10ಕ್ಕೆ ಬೇರೆ ದೇಶಗಳ ಜೊತೆಗೇ ಇಲ್ಲಿಗೂ ಬಂತು, ಪಿಎಸ್5ಗಿಂತ ಸುಮಾರು ಮೂರು ತಿಂಗಳು ಮುಂಚೆ. ಜನ ಕಾದರು, ಪಿಎಸ್5ನ್ನೇ ತಗೊಂಡರು. ಒಂದು ಸಲ ತಪ್ಪಿದ ಬಸ್ಸು.

ಸೀರೀಸ್ ಎಸ್ ವಿಷಯಕ್ಕೆ ಬರೋಣ. 34,990ಕ್ಕೆ ಬಂದಾಗ ಆ ದುಡ್ಡಿಗೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ, ಒಪ್ಪುತ್ತೇನೆ. ಪುಟ್ಟದು, ಸದ್ದಿಲ್ಲ, ಕರೆಂಟೂ ಕಮ್ಮಿ. ಆದರೆ ಸಿಡಿ ಹಾಕುವ ಜಾಗವೇ ಇಲ್ಲ. 512 ಜಿಬಿ ಅಂತ ಬಾಕ್ಸಿನ ಮೇಲಿದ್ದರೂ ನಿಮಗೆ ಸಿಗುವುದು 364. ಈಗಿನ ಒಂದೊಂದು ಗೇಮ್ ನೂರು ಜಿಬಿ. ನಿನ್ನ ಹಾಸ್ಟೆಲಿನಲ್ಲಿ ಫೈಬರ್ ಇದೆ, ಸರಿ. ಪಾವಗಡದ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ನೂರು ಜಿಬಿ ಇಳಿಸುವವನ ಪಾಡೇನು? ಫೈಬರ್ ಇದ್ದವರಿಗೆ, ದಿನಕ್ಕೊಂದು ಹೊಸ ಗೇಮ್ ರುಚಿ ನೋಡುವವರಿಗೆ ಗೇಮ್ ಪಾಸ್ ಹೇಳಿ ಮಾಡಿಸಿದ್ದು. ವರ್ಷಪೂರ್ತಿ ಒಂದೇ ಫುಟ್‌ಬಾಲ್ ಆಡುವವನಿಗೆ ತಿಂಗಳು ತಿಂಗಳು ಬಾಡಿಗೆ ಯಾಕೆ?

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ): ಸರ್, ನಮ್ಮ ಅಣ್ಣ ದುಬೈಯಿಂದ ಬರ್ತಿದ್ದಾರೆ. ಮಕ್ಕಳಿಗೆ ನಿಂಟೆಂಡೊ ಸ್ವಿಚ್ ತರಲಾ ಅಂತ ಕೇಳ್ತಿದ್ದಾರೆ. ಆರು ವರ್ಷ, ಒಂಬತ್ತು ವರ್ಷದ ಮಕ್ಕಳು. ಅಲ್ಲಿಯದು ಇಲ್ಲಿ ನಡೆಯುತ್ತಾ?

ಉತ್ತರ: ನಡೆಯುತ್ತೆ ಮೇಡಂ, ತರೋಕೆ ಹೇಳಿ. ಆ ವಯಸ್ಸಿಗೆ ಸೋನಿ, ಮೈಕ್ರೋಸಾಫ್ಟ್ ಎರಡಕ್ಕಿಂತ ಅದೇ ವಾಸಿ. ಚಾರ್ಜರ್ ನಮ್ಮ ಕರೆಂಟಿಗೆ ಆಗುತ್ತೆ, ಪ್ಲಗ್ಗಿಗೆ ಒಂದು ಕನ್ವರ್ಟರ್ ಸಾಕು. ಸ್ವಿಚ್ ಕಾರ್ಟ್ರಿಜ್, ಅಂದರೆ ಗೇಮ್ ಇರುವ ಪುಟ್ಟ ಕಾರ್ಡು, ಬಹುಪಾಲು ಯಾವ ದೇಶದ್ದಾದರೂ ಓಡುತ್ತೆ. ಒಂದೇ ತೊಂದರೆ, ನಿಂಟೆಂಡೊ ನಮ್ಮಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಇಲ್ಲಿ ವಾರಂಟಿ ಅಂತ ಕೇಳೋಕೆ ಬಾಗಿಲೇ ಇಲ್ಲ. ಕಂಟ್ರೋಲರಿನ ಕಡ್ಡಿ ತನ್ನಷ್ಟಕ್ಕೆ ವಾಲುವ ಕಾಯಿಲೆ ಮೊದಲ ಸ್ವಿಚ್‌ಗೆ ಸಾಮಾನ್ಯ. ಅದನ್ನು ನಮ್ಮಂಥವರು ಬದಲಾಯಿಸಿ ಕೊಡುತ್ತೇವೆ.

ಮೊದಲ ಸ್ವಿಚ್ 2017ರ ಮಾರ್ಚ್, ಸ್ವಿಚ್ 2 ಬಂದಿದ್ದು 2025ರ ಜೂನ್ 5. ಹಳೆಯ ಕಾರ್ಟ್ರಿಜ್ ಬಹುಪಾಲು ಎರಡರಲ್ಲೂ ಓಡುತ್ತವೆ. ಹಾಗಾಗಿ ಇವತ್ತು ಕೊಂಡ ಗೇಮ್ ನಾಳೆ ದಂಡ ಆಗಲ್ಲ. ನಿಂಟೆಂಡೊದವರು ಇವರಿಬ್ಬರ ಜೊತೆ ಓಟಕ್ಕೇ ನಿಲ್ಲುವುದಿಲ್ಲ, ತಮ್ಮ ದಾರಿ ತಮಗೆ. ಒಮ್ಮೊಮ್ಮೆ ಆ ದಾರಿ ಕೆರೆಗೂ ಹೋಗುತ್ತೆ. ಅವರದೇ 2006ರ ವೀ ಅನ್ನುವ ಸೆಟ್ಟಿನ ಮಾರಾಟ ಹತ್ತು ಕೋಟಿ ದಾಟಿತು, 2012ರ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ.

ಪ್ರಶ್ನೆ (ತಿಪಟೂರಿನಿಂದ): ಗುರುಗಳೇ, ಕಾಲೇಜ್ ಹತ್ತಿರ ನಾಲ್ಕು ಸೀಟಿನ ಗೇಮ್ ಪಾರ್ಲರ್ ಹಾಕೋಣ ಅಂತಿದ್ದೀನಿ. ನಾಲ್ಕೂ ಪಿಎಸ್5 ಹಾಕಲಾ? ಸೆಕೆಂಡ್‌ಹ್ಯಾಂಡ್ ನಂಬಬಹುದಾ?

ಉತ್ತರ: ನಾಲ್ಕೂ ಐದೇ ಬೇಡ. ಎರಡು ಪಿಎಸ್5, ಎರಡು ಸೆಕೆಂಡ್‌ಹ್ಯಾಂಡ್ ಪಿಎಸ್4 ಸ್ಲಿಮ್ ಹಾಕಿ ಶುರು ಮಾಡಿ. ಪಾರ್ಲರಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಫುಟ್‌ಬಾಲ್ ಮತ್ತು ಜಿಟಿಎ 5 ಆಡುವವರು. ಜಿಟಿಎ 5 ಅಂದರೆ 2013ರಲ್ಲಿ ಪಿಎಸ್3ಗೆ ಬಂದ ಗೇಮ್, ಆಮೇಲೆ ನಾಲ್ಕಕ್ಕೂ ಬಂತು, 2022ರಲ್ಲಿ ಐದಕ್ಕೂ ಬಂತು. ಮೂರು ತಲೆಮಾರು ಕಂಡ ಅಜ್ಜ.

ಸೆಕೆಂಡ್‌ಹ್ಯಾಂಡ್ ಪಿಎಸ್5 ತಗೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ತಮಾಷೆ ಅಲ್ಲ. ಮೊದಲ ಬ್ಯಾಚಿನ ಡಿಸ್ಕ್ ಮಾಡೆಲ್ ನಾಲ್ಕೂವರೆ ಕೆಜಿ. 2022ರಲ್ಲಿ ಚಿಪ್ಪು ಸಣ್ಣದು ಮಾಡಿ 3.9ಕ್ಕೆ ಇಳಿಸಿದರು. ಆಮೇಲೆ ಬಂದ ತೆಳ್ಳಗಿನ ಪಿಎಸ್5 ಸ್ಲಿಮ್ 3.2. ಕಂಪನಿಯವರು ಹೆಸರು ಬದಲಾಯಿಸದೆ ಒಳಗೆ ಬದಲಾಯಿಸುತ್ತಲೇ ಇರುತ್ತಾರೆ. ಹಿಂದಿನ ಸ್ಟಿಕ್ಕರಿನಲ್ಲಿ ಸಿಎಫ್‌ಐ ಅಂತ ಶುರುವಾಗುವ ನಂಬರ್ ಇರುತ್ತೆ. 1000 ಅಂದರೆ ಮೊದಲಿನದು, 1200 ಅಂದರೆ ಆ 2022ರದ್ದು, 2000 ಅಂದರೆ ಸ್ಲಿಮ್. ಯಾವ ಕಂಪನಿಯದಾದರೂ ಎರಡನೇ ಮೂರನೇ ಬ್ಯಾಚೇ ನನಗೆ ಇಷ್ಟ. ಹೊಸ ಮನೆಗೆ ಒಂದು ಮಳೆಗಾಲ ಕಳೆಯಬೇಕು, ಎಲ್ಲಿ ಸೋರುತ್ತೆ ಅಂತ ಆಮೇಲೇ ಗೊತ್ತಾಗೋದು.

ಪಿಎಸ್4 ಆದರೆ ಮೂಸಿ ನೋಡಿ. ಕಳೆದ ವರ್ಷ ಒಬ್ಬರು ತಂದಿದ್ದರು, ಆನ್ ಆಗಿ ಎರಡೇ ಸೆಕೆಂಡಿಗೆ ಆಫ್. ಮುಚ್ಚಳ ತೆಗೆದೆ. ಪವರ್ ಸಪ್ಲೈ ಡಬ್ಬಿಯೊಳಗೆ ಜಿರಳೆ ಸಂಸಾರ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ, ಮೊಟ್ಟೆ ಚಿಪ್ಪು ಬೇರೆ. ಬೆಚ್ಚಗಿರುತ್ತೆ, ಕತ್ತಲಿರುತ್ತೆ, ಅವಕ್ಕೆ ಇನ್ನೇನು ಬೇಕು? ಒಂದು ಬೋರ್ಡಿಗೆ ಅಡ್ಡ ಸಿಕ್ಕಿ ಸುಟ್ಟುಹೋಗಿತ್ತು, ಅದೇ ಶಾರ್ಟ್. ಇನ್ನೊಬ್ಬರದ್ದು ಫ್ಯಾನ್ ತುಂಬ ಬಿಳಿ ಬೂದಿ. ಏನಪ್ಪಾ ಅಂತ ನೋಡಿದರೆ ಆಯುಧಪೂಜೆಗೆ ಮಷಿನ್ ಮೇಲೆ ಅರಿಶಿನ ಕುಂಕುಮ ಇಟ್ಟು, ಗಾಳಿ ಹೋಗುವ ಕಿಂಡಿಗೇ ಊದುಬತ್ತಿ ಸಿಕ್ಕಿಸಿದ್ದಾರೆ! ಪೂಜೆ ಮಾಡಿ, ಬೇಡ ಅನ್ನಲ್ಲ. ಊದುಬತ್ತಿ ದೂರ ಇಡಿ.

ಪಾರ್ಲರಿನಲ್ಲಿ ಹೆಚ್ಚು ಹೋಗುವುದು ಎಚ್‌ಡಿಎಂಐ ಪೋರ್ಟು. ಯಾರೋ ಕೇಬಲ್‌ಗೆ ಕಾಲು ತಾಗಿಸಿ ಎಳೆಯುತ್ತಾರೆ, ಒಳಗಿನ ಪಿನ್ ಬಗ್ಗುತ್ತೆ. ಕೇಬಲನ್ನು ಗೋಡೆಗೆ ಕ್ಲಿಪ್ ಹೊಡೆಸಿ. ಪಿಎಸ್5 ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತೆ, ಅಂದರೆ ಐದು ಗಂಟೆಗೆ ಒಂದು ಯೂನಿಟ್. ಟಿವಿ ಲೆಕ್ಕ ಬೇರೆ. ಯುಪಿಎಸ್ ಇಲ್ಲದೆ ಶುರು ಮಾಡಲೇಬೇಡಿ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಆಡುವ ಆಟ ನಿಮಗೆ ಗೊತ್ತೇ ಇದೆ.

ಪ್ರಶ್ನೆ (ಕೆಜಿಎಫ್‌ನಿಂದ): ಅಣ್ಣ, ಅಟ್ಟದ ಮೇಲೆ ಹಳೇ ಟಿವಿ ಗೇಮ್ ಸಿಕ್ತು, ಕ್ಯಾಸೆಟ್ ಹಾಕೋದು. ಮಾರಿಯೊ, ಕಾಂಟ್ರಾ ಓಡ್ತಿದೆ. ಬಾತುಕೋಳಿ ಹೊಡೆಯೋ ಗನ್ ಮಾತ್ರ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡ್ತಿಲ್ಲ. ರಿಪೇರಿ ಆಗುತ್ತಾ?

ಉತ್ತರ: ಗನ್ ಕೆಟ್ಟಿಲ್ಲ, ಟಿವಿ ಹೊಸದಾಯಿತು ಅಷ್ಟೆ. ಆ ಗನ್ನಿನಿಂದ ಏನೂ ಹೊರಗೆ ಬರಲ್ಲ, ಅದು ನೋಡುವ ಕಣ್ಣು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತೆ. ಗನ್ನಿಗೆ ಆ ಬೆಳಕು ಕಂಡರೆ ಗುಂಡು ತಗುಲಿತು ಅಂತ ಲೆಕ್ಕ. ಹಳೆಯ ಡಬ್ಬಾ ಟಿವಿ ಚಿತ್ರವನ್ನು ತಡ ಮಾಡದೆ ತೋರಿಸುತ್ತಿತ್ತು, ಎಲ್‌ಇಡಿ ಒಂದಿಷ್ಟು ಯೋಚಿಸಿ ತೋರಿಸುತ್ತೆ. ಅಷ್ಟರಲ್ಲಿ ಗನ್ ಕಣ್ಣು ಮುಚ್ಚಿರುತ್ತೆ. ಗುಜರಿಯಲ್ಲಿ ಡಬ್ಬಾ ಟಿವಿ ಸಿಕ್ಕರೆ ಬಿಡಬೇಡಿ.

ಅಂದಹಾಗೆ ಅದು 1983ರ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ನಾವೆಲ್ಲ ಕಲಿತಿದ್ದು ನಕಲಿನಲ್ಲೇ. ಯಾರ ಮನೆಯಲ್ಲಿತ್ತೋ ಅವರ ಮನೆಯಲ್ಲೇ ಭಾನುವಾರ.

ಶಿರಾದವರು ಮತ್ತೆ: ಸರ್, ಡಿಸ್ಕ್ ಮಾಡೆಲ್ಲೇ ಅಂತ ತೀರ್ಮಾನ ಮಾಡಿದೆ. ಮಗನ ಸ್ನೇಹಿತರನ್ನು ವಿಚಾರಿಸಿದೆ, ಮೂರು ಮನೆಯಲ್ಲಿ ಪಿಎಸ್ ಇದೆ, ಒಂದರಲ್ಲಿ ಎಕ್ಸ್‌ಬಾಕ್ಸ್. ಬೇಡ ಬೇಡ ಅಂತಿದ್ದ ಚಿಕ್ಕಪ್ಪನೇ ಈಗ ಭಾನುವಾರ ಆಡೋಕೆ ಬರ್ತೀನಿ ಅಂತಿದ್ದಾನೆ.

ಉತ್ತರ: ಒಳ್ಳೇದಾಯ್ತು ಸರ್. ಸಿಡಿ ಡ್ರೈವ್ ಬಿಚ್ಚಿ ಹಾಕುವಂಥ ಸ್ಲಿಮ್ ಆದರೆ, ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಬೇಕಾಗುತ್ತೆ, ಹಾಟ್‌ಸ್ಪಾಟ್ ಸಾಕು. ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ತುರುಕಬೇಡಿ. ಚಿಕ್ಕಪ್ಪನಿಗೆ ಹೇಳಿ, ಇನ್ನೊಂದು ಕಂಟ್ರೋಲರ್ ಅವರ ಖರ್ಚು. ಬಾಕ್ಸಿನಲ್ಲಿ ಒಂದೇ ಬರೋದು.