ಪಂಚಾಯ್ತಿ ಲೈಬ್ರರಿ ಕಂಪ್ಯೂಟರ್‌ನ ಹೊದಿಕೆ ತೆಗೆಸುವುದು ಹೇಗೆ?

ಕಾನಂಚು:
ನಮ್ಮೂರು ಹೊಸನಗರದ ಕಡೆ. ಪಂಚಾಯ್ತಿ ಲೈಬ್ರರಿಗೆ ಎರಡು ಕಂಪ್ಯೂಟರ್ ಬಂದು ಎರಡು ಮಳೆಗಾಲ ಕಳೆಯಿತು. ಎರಡಕ್ಕೂ ಹೂವಿನ ಬಟ್ಟೆ ಹೊದಿಸಿ, ಮೇಲೆ ಹಳೇ ಪೇಪರ್ ಕಟ್ಟು ಇಟ್ಟಿದ್ದಾರೆ. ಕೇಳಿದರೆ "ನೆಟ್ ಇಲ್ಲ ಮಾರಾಯ" ಅನ್ನುತ್ತಾರೆ. ಅದೂ ಸುಳ್ಳಲ್ಲ. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಹಿಂದೆಯೇ ಟವರೂ ಮಲಗುತ್ತದೆ, ಆಮೇಲೆ ಸಿಗ್ನಲ್ ಬೇಕು ಅಂದರೆ ಗುಡ್ಡ ಹತ್ತಬೇಕು. ಅಕ್ಕನ ಮಗಳು ಸ್ಕಾಲರ್‌ಶಿಪ್ ಅರ್ಜಿ ಹಾಕಲು ಬಸ್ಸು ಹಿಡಿದು ಪೇಟೆಗೆ ಹೋಗಿ, ಸರ್ವರ್ ಡೌನ್ ಅಂತ ಎರಡು ಸಲ ಬರಿಗೈಲಿ ಬಂದಳು. ನೆಟ್ ಬರುವ ತನಕ ಆ ಮಿಷನ್ನು ಸುಮ್ನೆ ಕೂರಬೇಕಾ?

ತುಂಗೆದಡ:
ಕೂರಬೇಕಿಲ್ಲ. ನೆಟ್ ಇಲ್ಲದೆಯೂ ವಿಕಿಪೀಡಿಯ ಓದಲು ಕಿವಿಕ್ಸ್ ಅಂತ ಉಚಿತ ತಂತ್ರಾಂಶ ಇದೆ, 2007ರಿಂದ. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ನೆಟ್ ಚೆನ್ನಾಗಿರುವ ಕಡೆ ಇಡೀ ಕನ್ನಡ ವಿಕಿಪೀಡಿಯವನ್ನು ಒಂದು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹೋಗಿ ಆ ಕಂಪ್ಯೂಟರ್‌ಗೆ ಹಾಕಿ, ಮತ್ತೆ ನೆಟ್ಟೇ ಬೇಡ. ಇಂಗ್ಲಿಷಿನದು ಚಿತ್ರ ಸಮೇತ 100 ಜಿಬಿ ಆಸುಪಾಸು ಆಗುತ್ತದೆ, ಅದಕ್ಕೆ ಹಾರ್ಡ್‌ಡಿಸ್ಕ್ ಬೇಕು. ಆಫ್ರಿಕಾದಲ್ಲಿ ನೆಟ್ ಇಲ್ಲದ ಎಷ್ಟೋ ಶಾಲೆಗಳು ಹೀಗೇ ನಡೆಸುತ್ತಿವೆ. ಅಂಗೈ ಅಗಲದ ರಾಸ್ಪ್‌ಬೆರಿ ಪೈ ಬೋರ್ಡಿಗೆ ಹಾಕಿದರೆ ಅಲ್ಲಿಂದಲೇ ವೈಫೈ ಬಿಡಬಹುದು. ಹುಡುಗರು ತಮ್ಮ ಮೊಬೈಲ್‌ನಲ್ಲೇ ಓದಬಹುದು.

ಹಲಸಿನಮರ:
ವಿಕಿಪೀಡಿಯ ಒಳ್ಳೇದೇ. ಆದರೆ ಊರಿನವರು ಕೇಳುವುದು ಪಹಣಿ, ಅರ್ಜಿ, ರಿಸಲ್ಟು. ಅದಕ್ಕೆ ನೆಟ್ಟೇ ಬೇಕಲ್ವಾ? ಪೆನ್‌ಡ್ರೈವ್ ಕೊಟ್ಟು ಸಮಾಧಾನ ಮಾಡಬೇಡಿ. 1965ರ ಗ್ರಂಥಾಲಯ ಕಾಯ್ದೆಯಿಂದಾಗಿ ಮನೆ ಕಂದಾಯದ ಜೊತೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. 2019ರಲ್ಲಿ ಹಳ್ಳಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಕೇಳಬೇಕಾದ ಜಾಗ ಗ್ರಾಮಸಭೆ. ಬ್ಯಾಟರಿ ಬ್ಯಾಕಪ್ ಬೇಕು ಅಂತ ಬರೆದು ಕೊಡಿ, ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ.

ಪುಸ್ತಕದಕ್ಕ:
ನಾನು ಇಂಥದ್ದೇ ಒಂದು ಲೈಬ್ರರಿ ನೋಡಿಕೊಳ್ಳುವವಳು. ಬಟ್ಟೆ ಹೊದಿಸಿದ್ದಕ್ಕೆ ಬೈಯಬೇಡಿ ಕಾನಂಚು ಅವರೇ. ಕೆಟ್ಟರೆ ಯಾಕೆ ಕೆಟ್ಟಿತು ಅಂತ ಕೇಳುವುದು ನಮ್ಮನ್ನೇ. ನಾನೂ ಮೊದಲ ವರ್ಷ ಮುಟ್ಟಲೇ ಇಲ್ಲ. ಶ್ರಾವಣದಲ್ಲಿ ಬಟ್ಟೆ ಎತ್ತಿ ನೋಡಿದರೆ ಕೀಬೋರ್ಡಿನ ಸಂದಿಯಲ್ಲಿ ಬೂಷ್ಟು, ಸಿಪಿಯು ಒಳಗೆ ಇರುವೆ ಗೂಡು! ಈಗ ಕರೆಂಟು ಇದ್ದ ದಿನ ಅರ್ಧ ಗಂಟೆಯಾದರೂ ಹಚ್ಚಿಡುತ್ತೇನೆ, ಆ ಬಿಸಿಗೇ ಒಣಗಿಕೊಳ್ಳುತ್ತದೆ. 2020ರಲ್ಲಿ 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಾಗ ಸೇರಿದ ಹುಡುಗಿಯೊಬ್ಬಳು ಈಗ ಪಿಯುಸಿ, ಸಂಜೆ ಬಂದು ಚಿಕ್ಕವರಿಗೆ ಕನ್ನಡ ಟೈಪಿಂಗ್ ಹೇಳಿಕೊಡುತ್ತಾಳೆ. ಅದಕ್ಕೆ ಯಾವ ನೆಟ್ಟೂ ಬೇಡ.

ಕಾನಂಚು:
ಅಕ್ಕಾ, ಇರುವೆ ಗೂಡು ಅಂದಿದ್ದು ಓದಿ ಗಾಬರಿಯಾಯಿತು, ಇವತ್ತೇ ಹೋಗಿ ಬಟ್ಟೆ ಎತ್ತಿ ನೋಡಿದೆ. ಒಂದು ಆನ್ ಆಯಿತು. ಇನ್ನೊಂದು ಮೂರು ಸಲ ಬೀಪ್ ಅಂದು ಸುಮ್ಮನಾಯಿತು. ಗ್ರಾಮಸಭೆಗೆ ಅರ್ಜಿ ನಾನು ಬರೆಯುತ್ತೇನೆ. ತುಂಗೆದಡ, ಹಬ್ಬಕ್ಕೆ ಊರಿಗೆ ಬರುವಾಗ ಆ ಪೆನ್‌ಡ್ರೈವ್ ತರುತ್ತೀರಾ?

ತುಂಗೆದಡ:
ತರುತ್ತೇನೆ. ಬೀಪ್ ಅನ್ನುವುದರ ರ‍್ಯಾಮ್ (ಒಳಗಿನ ಮೆಮೊರಿ ಪಟ್ಟಿ) ಬಿಚ್ಚಿ, ರಬ್ಬರಿನಿಂದ ಉಜ್ಜಿ ಹಾಕಿ ನೋಡಿ. ಮಲೆನಾಡಿನಲ್ಲಿ ಮುಕ್ಕಾಲು ಪಾಲು ಅದೇ ಕಾಯಿಲೆ. ಪ್ಲಗ್ ಕಿತ್ತು ಮಾಡಿ ಮಾರಾಯ್ರೆ.