ನಿವೃತ್ತಿ ಆಗ್ತಿರೋ ಮೇಷ್ಟ್ರಿಗೆ ಇಂಗ್ಲಿಷಲ್ಲಿ ಏನು ಹೇಳಲಿ?

ಪ್ರಶ್ನೆ (ದಾವಣಗೆರೆ): ಶನಿವಾರ ನಮ್ಮ ಗಣಿತ ಮೇಷ್ಟ್ರ ಬೀಳ್ಕೊಡುಗೆ. ನಾನು ಇಂಗ್ಲಿಷಲ್ಲಿ ಎರಡು ಮಾತು ಆಡಬೇಕು. ‘ಐ ರೆಸ್ಪೆಕ್ಟ್ ಯು ಸರ್’ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ, ಅದು ಸಪ್ಪೆ ಅನ್ನಿಸುತ್ತಿದೆ. ಅವರಿಲ್ಲದಿದ್ದರೆ ನಾನು ಪಿಯುಸಿ ದಾಟುತ್ತಿರಲಿಲ್ಲ.

ಉತ್ತರ 1: ‘ಐ ಹ್ಯಾವ್ ಆಲ್ವೇಸ್ ಲುಕ್ಡ್ ಅಪ್ ಟು ಯು’ ಅನ್ನಿ. ತಲೆಯೆತ್ತಿ ನೋಡೋದು, ಅಂದರೆ ಇವರ ಹಾಗೆ ಆಗಬೇಕು ಅನ್ನೋ ಆಸೆಯೂ ಅದರಲ್ಲಿದೆ. ‘ಟು’ ಮರೀಬೇಡಿ, ಬರೀ ‘ಲುಕ್ ಅಪ್’ ಅಂದರೆ ಡಿಕ್ಷನರಿಯಲ್ಲಿ ಪದ ಹುಡುಕೋದು ಅಂತಲೂ ಆಗುತ್ತೆ.

ಉತ್ತರ 2 (ಚಿತ್ರದುರ್ಗ): ನನಗೆ ‘ಅಡ್ಮೈರ್’ ಇಷ್ಟ. ಇದರ ಲ್ಯಾಟಿನ್ ಮೂಲದಲ್ಲಿ ಬೆರಗಾಗೋದು ಅನ್ನೋ ಅರ್ಥ ಇದೆ. ನಮ್ಮ ಕೋಟೆಯಲ್ಲಿ ಓಬವ್ವನ ಕಿಂಡಿ ಮುಂದೆ ನಿಂತಾಗ, ಒಬ್ಬ ಹೆಂಗಸು ಒನಕೆ ಹಿಡಿದು ಹೈದರಾಲಿ ಸೈನಿಕರನ್ನು ತಡೆದಳಲ್ಲ ಅಂತ ಮೈ ಜುಮ್ಮೆನ್ನುತ್ತೆ, ಅದೇ ಅಡ್ಮೈರ್. ಮೇಷ್ಟ್ರಲ್ಲಿ ನಿಮಗೆ ಹಿಡಿಸಿದ ಗುಣದ ಹೆಸರು ಹೇಳಿ: ‘ಐ ಅಡ್ಮೈರ್ ಯುವರ್ ಪೇಷೆನ್ಸ್’. ಸುಮ್ನೆ ಹೊಗಳೋದಕ್ಕಿಂತ ಇದು ಜಾಸ್ತಿ ಮನಸ್ಸಿಗೆ ತಟ್ಟುತ್ತೆ.

ಉತ್ತರ 3: ‘ಐ ಆಮ್ ರೆಸ್ಪೆಕ್ಟಿಂಗ್ ಯು’ ಅನ್ನಬೇಡಿ, ಇಂಥ ಕಡೆ ಆ ‘ಇಂಗ್’ ಬರಲ್ಲ. ‘ಯು ಆರ್ ರೆಸ್ಪೆಕ್ಟ್‌ಫುಲ್’ ಕೂಡ ತಪ್ಪಾಗುತ್ತೆ, ಹಾಗಂದರೆ ಅವರು ಬೇರೆಯವರಿಗೆ ಗೌರವ ಕೊಡೋರು ಅಂತ ಅರ್ಥ. ಬೇರೆ ಮೇಷ್ಟ್ರುಗಳ ಮುಂದೆ ಅವರ ಬಗ್ಗೆ ಹೇಳುವಾಗ ‘ವಿ ಆಲ್ ಥಿಂಕ್ ಹೈಲಿ ಆಫ್ ಹಿಮ್’ ಚೆನ್ನಾಗಿರುತ್ತೆ.

ಪ್ರಶ್ನೆ ಕೇಳಿದವರು: ಪೇಷೆನ್ಸ್! ಒಂದೇ ಲೆಕ್ಕವನ್ನು ನನಗೆ ನಾಲ್ಕು ಸಲ ಹೇಳಿಕೊಟ್ಟವರು ಅವರು. ಅಲ್ಲಿಂದಲೇ ಶುರು ಮಾಡ್ತೀನಿ, ಥ್ಯಾಂಕ್ಸ್.