ಹೀಟರ್ ತಂತಿಗೆ ‘ಕಾವುತಂತಿ’ ಅನ್ನಬಹುದೇ? ‘ಕರೆಂಟ್ ಜಾಸ್ತಿ’ ಅಂದರೆ ಯಾವುದು ಜಾಸ್ತಿ?

ಗೆಳೆಯರೇ,

ದಾವಣಗೆರೆಯ ಹೈಸ್ಕೂಲ್ ಮಕ್ಕಳಿಗೆ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ, ಮನೆಯಲ್ಲೇ ಮಾಡಬಹುದಾದ ಥರ್ಮಾಕೋಲ್ ಕಟರ್. 12 ವೋಲ್ಟ್ ಬ್ಯಾಟರಿ, ಒಂದು ತುಂಡು ನಿಕ್ರೋಮ್ ತಂತಿ, ಸ್ವಿಚ್, ಫ್ಯೂಸ್, ಅಷ್ಟೇ.

ಬಿಸಿಯಾಗುವ ಆ ತಂತಿಯನ್ನು ಏನೆಂದು ಕರೆಯೋಣ? ಮಂಡಿಪೇಟೆ ಕಡೆ ‘ಕಾಯಿಲ್’ ಅಂದರೆ ಅಂಗಡಿಯವರಿಗೆ ತಿಳಿಯುತ್ತದೆ. ಆದರೆ ಇಲ್ಲಿ ತಂತಿ ಸುರುಳಿಯಾಗಿಲ್ಲ, ನೆಟ್ಟಗೆ ಬಿಗಿದು ಕಟ್ಟಿರುತ್ತದೆ. ‘ಎಲಿಮೆಂಟ್’ ಅನ್ನೋಣ ಅಂದರೆ ಪಾಠದಲ್ಲಿ ಅದು ಧಾತು. ನಿಕ್ರೋಮ್ ಸುಮಾರು 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ ಸೇರಿದ ಮಿಶ್ರಲೋಹ. ‘ಇದ್ಯಾವ ಎಲಿಮೆಂಟ್ ಸಾರ್?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ‘ತಾಪನ ಘಟಕ’ ಬಾಯಿಗೆ ಹತ್ತುವುದಿಲ್ಲ. ‘ಕಾಯುವ ತಂತಿ’ ಅಂದರೆ ಹೊಲ ಕಾಯುವ ಬೇಲಿ ನೆನಪಾಗುತ್ತದೆ, ಅಲ್ವಾ? ಸದ್ಯಕ್ಕೆ ‘ಕಾವುತಂತಿ’ ಅಂತ ಬರೆದಿದ್ದೇನೆ. ಕಾವು ಎಲ್ಲರಿಗೂ ಗೊತ್ತಿರುವ ಮಾತು. ಕೋಳಿ ಕಾವು ಕೂರುವುದು ನೆನಪಾದರೂ ತೊಂದರೆಯಿಲ್ಲ.

ಇದು ಬರೀ ಹೆಸರಿನ ಮಾತಾಯಿತು. ನಿಜವಾದ ತೊಡಕು ‘ಕರೆಂಟ್’ ಮತ್ತು ‘ರೋಧ’ (ರೆಸಿಸ್ಟೆನ್ಸ್, ಅಂದರೆ ಹರಿಯುವ ವಿದ್ಯುತ್ತಿಗೆ ತಂತಿ ಒಡ್ಡುವ ತಡೆ) ಅನ್ನುವ ಮಾತುಗಳಲ್ಲಿದೆ. ಕರೆಂಟ್ ಹೋಯಿತು, ಕರೆಂಟ್ ಹೊಡೆಯಿತು ಅನ್ನುವಾಗ ನಮಗೆ ಕರೆಂಟ್ ಅಂದರೆ ವಿದ್ಯುತ್ತೇ. ‘ಕರೆಂಟ್ ಜಾಸ್ತಿಯಾದರೆ ತಂತಿ ಕೆಂಪಾಗುತ್ತದೆ’ ಅಂತ ಬರೆದರೆ ಮಕ್ಕಳು ವೋಲ್ಟ್ ಅಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಆಂಪಿಯರ್ ಲೆಕ್ಕ, ಅಂದರೆ ತಂತಿಯಲ್ಲಿ ಎಷ್ಟು ವಿದ್ಯುತ್ ಹರಿಯುತ್ತಿದೆ ಅನ್ನುವುದು.

‘ರೋಧದಿಂದ ಬಿಸಿ ಹುಟ್ಟುತ್ತದೆ’ ಅನ್ನುವ ವಾಕ್ಯವೂ ಹಾಗೇ. ಸರಿಯಾಗಿಯೇ ಇದೆ, ಆದರೆ ರೋಧ ಹೆಚ್ಚಾದಷ್ಟು ಬಿಸಿ ಹೆಚ್ಚು ಅನ್ನಿಸಿಬಿಡುತ್ತದೆ. ಬ್ಯಾಟರಿ ಅದೇ ಇದ್ದಾಗ ಆಗುವುದು ಉಲ್ಟಾ. ತಂತಿಯ ರೋಧ 6 ಓಮ್ ಇದ್ದರೆ 2 ಆಂಪಿಯರ್ ಹರಿದು 24 ವ್ಯಾಟ್ ಶಾಖ ಬರುತ್ತದೆ. ಅದೇ ತಂತಿಯನ್ನು ಅರ್ಧಕ್ಕೆ ಕತ್ತರಿಸಿ ಹಾಕಿ: 3 ಓಮ್, 4 ಆಂಪಿಯರ್, 48 ವ್ಯಾಟ್. ಅಷ್ಟೂ ಶಾಖ ಅರ್ಧ ಉದ್ದದಲ್ಲೇ! ಬಿಸಿ ಕಡಿಮೆ ಮಾಡಲು ಹೋಗಿ ತಂತಿ ಮೋಟು ಮಾಡಿದ ಹುಡುಗನ ಕೈ ಸುಡುತ್ತದೆ, ಥರ್ಮಾಕೋಲ್ ಹೊಗೆ ಬೇರೆ. ಹಾಗಾಗಿ ‘ತಂತಿ ಗಿಡ್ಡವಾದಷ್ಟು ಕಾವು ಜಾಸ್ತಿ’ ಅಂತಲೇ ದಪ್ಪಕ್ಷರದಲ್ಲಿ ಹಾಕಿದ್ದೇನೆ.

‘ರೋಧ’ ಪಠ್ಯದಲ್ಲಿರುವುದರಿಂದ ಬಿಡಲು ಮನಸ್ಸಿಲ್ಲ. ಕರೆಂಟ್ ಬದಲು ‘ಹರಿವು’ ಅಂದರೆ ಸಾಕಾ? ಮೋಟಾರ್ ರಿಪೇರಿಯವರು ‘ಆಂಪ್ಸ್ ಜಾಸ್ತಿ ಎಳೀತಿದೆ’ ಅನ್ನುವುದನ್ನು ಕೇಳಿದ್ದೇನೆ. ನನಗೆ ಅದೇ ಹೆಚ್ಚು ಹಿಡಿಸಿದೆ. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ರಿವೈಂಡಿಂಗ್ ಅಂಗಡಿಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ ತಿಳಿಸಿ.